ನಾಯಿಯಿರುವ ಮನೆಯಲ್ಲಿ ಹಾಪ್ಸ್ ಬಳ್ಳಿ: ಪುಣೆಯ ತಾರಸಿಯಲ್ಲಿ ಪಾಲಿಸಬೇಕಾದ ಎಚ್ಚರಗಳು

ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಬಳ್ಳಿಯನ್ನು ತಾರಸಿಯಲ್ಲಿ ಬೆಳೆಸಬೇಕೆಂಬ ಆಸೆಯುಳ್ಳವರು, ಮನೆಯಲ್ಲಿ ನಾಯಿಯಿದ್ದರೆ, ಬೇರು ತರಿಸುವ ಮೊದಲೇ ಒಂದು ಸಂಗತಿಯನ್ನು ತಿಳಿದಿರಬೇಕು. ಈ ಬಳ್ಳಿಯ ಹಸಿರು ಹೂಗೊಂಚಲು ನಾಯಿಗೆ ಪ್ರಾಣಾಂತಕ ವಿಷ. ಹಸಿಯದಾಗಲಿ, ಒಣಗಿದ್ದಾಗಲಿ, ಅಂಗಡಿಯಲ್ಲಿ ಸಿಗುವ ಗುಳಿಗೆಯ ರೂಪದ್ದಾಗಲಿ, ಕುದಿಸಿ ಸೋಸಿದ ಮೇಲೆ ಉಳಿಯುವ ಚರಟವಾಗಲಿ, ಯಾವುದೂ ಸುರಕ್ಷಿತವಲ್ಲ. ಕುದಿಸಿದರೆ ವಿಷ ಹೋಗುತ್ತದೆಂಬ ಊಹೆಯೇ ಹೆಚ್ಚು ಅಪಾಯಕರವಾದದ್ದು.

ಹಾಪ್ಸ್ ತಿಂದ ನಾಯಿಯ ಮೈಬಿಸಿ ಹತೋಟಿ ತಪ್ಪಿ ಏರುತ್ತದೆ. ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಇದ್ದರೆ, ಈ ವಿಷದಲ್ಲಿ ಅದು 41 ಡಿಗ್ರಿಯನ್ನೂ ದಾಟಬಹುದು. ನಿಂತಲ್ಲಿ ನಿಲ್ಲದ ಚಡಪಡಿಕೆ, ಬಿಡುವಿಲ್ಲದ ಏದುಸಿರು, ಓಡುವ ಎದೆಬಡಿತ, ವಾಂತಿ, ಕೊನೆಗೆ ಸೆಳೆತ, ಇವೆಲ್ಲ ಕೆಲವೇ ಗಂಟೆಗಳಲ್ಲಿ ಒಂದರ ಹಿಂದೊಂದು ಬರುತ್ತವೆ. ಗ್ರೇಹೌಂಡ್ ತಳಿಯ ನಾಯಿಗಳಲ್ಲಿ ಇದು ಹೆಚ್ಚಾಗಿ ದಾಖಲಾಗಿದ್ದರೂ ಲ್ಯಾಬ್ರಡಾರ್, ಡಾಬರ್‌ಮನ್ ಮುಂತಾದ ತಳಿಗಳಲ್ಲಿಯೂ ಕಂಡುಬಂದಿರುವುದರಿಂದ ಯಾವ ತಳಿಯನ್ನೂ ನಿರಾತಂಕವೆಂದು ಭಾವಿಸಬಾರದು. ಗ್ರೇಹೌಂಡ್‌ನಂತೆಯೇ ತೆಳುಮೈಯ ಬೇಟೆನಾಯಿಯಾದ ಮುಧೋಳವನ್ನು ಊರಿನಿಂದ ತಂದು ಸಾಕಿಕೊಂಡಿರುವ ಕನ್ನಡಿಗರು ಈ ಬಳ್ಳಿಯನ್ನು ಬೆಳೆಸದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಇಷ್ಟಾದರೂ ಬೆಳೆಸಲೇಬೇಕೆನ್ನುವವರಿಗೆ ಪುಣೆಯ ಹಗಲಿನ ವಿಚಾರವನ್ನು ಹೇಳಬೇಕು. ಹಾಪ್ಸ್ ಉತ್ತರದ ತಂಪು ನಾಡುಗಳ ಬಳ್ಳಿ. ನಮ್ಮ ದೇಶದಲ್ಲಿ ಅದನ್ನು ಬೆಳೆದಿರುವುದು ಹಿಮಾಚಲದ ಲಾಹೌಲ್‌ನಂಥ ಕಣಿವೆಯಲ್ಲಿ. ಎತ್ತರಕ್ಕೆ ಬೆಳೆಯಲು ಅದಕ್ಕೆ ದಿನಕ್ಕೆ 15 ಗಂಟೆಗೂ ಮೀರಿದ ಬೆಳಕು ಬೇಕು, ಆದರೆ ಪುಣೆಯಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಕೂಡ 13 ಗಂಟೆಯನ್ನು ಸ್ವಲ್ಪವಷ್ಟೇ ದಾಟುತ್ತದೆ. ಹೀಗಾಗಿ ಬಳ್ಳಿ ಗಿಡ್ಡವಾಗಿರುವಾಗಲೇ ಹೂವಿಗೆ ತಿರುಗಿ, ಬೆರಳೆಣಿಕೆಯ ಗೊಂಚಲು ಬಿಟ್ಟು ನಿಂತುಬಿಡುತ್ತದೆ. ಸಂಜೆಯ ಮೇಲೆ ಎಲ್‌ಇಡಿ ದೀಪ ಹಾಕಿ ಬೆಳಕನ್ನು 16 ಗಂಟೆಯವರೆಗೆ ಹಿಗ್ಗಿಸಿ, ಬಳ್ಳಿ ಸಾಕಷ್ಟು ಏರಿದ ಮೇಲೆ ದೀಪ ತೆಗೆಯುವುದು ಇದಕ್ಕೆ ಪರಿಹಾರ. ನಾಯಿಯ ದೃಷ್ಟಿಯಿಂದ ನೋಡಿದರೆ ಗಿಡ್ಡ ಬಳ್ಳಿಯೇ ಹೆಚ್ಚು ಅಪಾಯಕರ, ಏಕೆಂದರೆ ಅದರ ಗೊಂಚಲು ಮೂತಿಗೆ ಎಟುಕುವ ಎತ್ತರದಲ್ಲೇ ತೂಗುತ್ತದೆ.

ಗೊಂಚಲು ಬಿಡುವುದು ಹೆಣ್ಣು ಬಳ್ಳಿ ಮಾತ್ರ. ಕೇವಲ ಹಸಿರಿಗಾಗಿ ಬೆಳೆಸುವವರು ಮೊಗ್ಗು ಕಂಡೊಡನೆ ಚಿವುಟಿ ತೆಗೆಯುತ್ತಿದ್ದರೆ ಮುಖ್ಯ ಅಪಾಯ ಅಲ್ಲಿಗೇ ತಪ್ಪುತ್ತದೆ. ಗೊಂಚಲೇ ಬೇಕೆನ್ನುವವರು ಸುಮಾರು 50 ಲೀಟರ್ ಹಿಡಿಯುವ ದೊಡ್ಡ ಕುಂಡವನ್ನು ಬಾಗಿಲು ಹಾಕಬಹುದಾದ ತಾರಸಿಯಲ್ಲೋ, ನಾಯಿ ಹೋಗದ ಬಾಲ್ಕನಿಯಲ್ಲೋ ಇಡಬೇಕು. ಕುಂಡದ ಸುತ್ತ ಜಾಲರಿ ಕಟ್ಟಿದರೆ ಸಾಲದು. ಬಳ್ಳಿ ತೆಂಗಿನ ನಾರಿನ ಹಗ್ಗ ಹಿಡಿದು ಮೇಲೇರಿ, ಗೊಂಚಲು ಜಾಲರಿಯ ಆಚೆ ಉದುರುತ್ತದೆ, ಗಾಳಿಗೆ ಹಾರಿ ಮೂಲೆ ಸೇರುತ್ತದೆ. ಆದ್ದರಿಂದ ಬೇಲಿಯನ್ನು ಕುಂಡಕ್ಕಲ್ಲ, ಗೊಂಚಲು ಬೀಳಬಹುದಾದ ಇಡೀ ಜಾಗಕ್ಕೆ ಹಾಕಬೇಕು. ಬುಡದಿಂದ ಮೂರಡಿಯವರೆಗಿನ ಎಲೆಗಳನ್ನು ಸವರಿಬಿಟ್ಟರೆ ನಾಯಿಗೂ ಎಟುಕುವುದಿಲ್ಲ, ಮಳೆಗಾಲದ ತೇವದಲ್ಲಿ ಬೂಜುರೋಗವೂ ಬೇಗ ಹತ್ತುವುದಿಲ್ಲ.

ಬಳ್ಳಿಯ ಆರೈಕೆಯಲ್ಲಿಯೂ ಎರಡು ವಿಷಗಳು ಮನೆ ಹೊಕ್ಕಬಹುದು. ಗೊಬ್ಬರವಾಗಿ ಮಾರುವ ಹರಳಿನ ಹಿಂಡಿಯಲ್ಲಿ ಹರಳು ಬೀಜದ ವಿಷ ಉಳಿದಿರಬಹುದು, ಮತ್ತು ನಾಯಿಗಳು ಅದನ್ನು ರುಚಿಯೆಂದು ತಿನ್ನುತ್ತವೆ; ಅದರ ಬದಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಹಾಕಬೇಕು. ಜೂನ್ ಮಳೆಯ ಹಿಂದೆಯೇ ಬರುವ ಬಸವನಹುಳುಗಳಿಗೆ ಮೆಟಾಲ್ಡಿಹೈಡ್ ಗುಳಿಗೆ ಚೆಲ್ಲುವ ರೂಢಿಯಿದೆ. ಅದು ಕೂಡ ನಾಯಿಗೆ ನಡುಕ ಮತ್ತು ವಿಪರೀತ ಮೈಬಿಸಿ ತರುವ ವಿಷವಾದ್ದರಿಂದ ಹುಳುಗಳನ್ನು ಸಂಜೆ ಕೈಗವಸು ತೊಟ್ಟು ಹೆಕ್ಕುವುದೇ ಸರಿ.

ಗೊಂಚಲು ಮುಟ್ಟಿದರೆ ಕಾಗದದಂತೆ ಸರಬರ ಎಂದು, ಒಳಗೆ ಹಳದಿ ಪುಡಿ ಕಾಣತೊಡಗಿದಾಗ ಕೊಯ್ಲಿಗೆ ಬಂದಿರುತ್ತದೆ. ಆ ವಾರಗಳಲ್ಲಿ ದಿನವೂ ಬೆಳಿಗ್ಗೆ, ನಾಯಿಯನ್ನು ಹೊರಗೆ ಬಿಡುವ ಮೊದಲೇ, ಕಸಬರಿಗೆ ಹಿಡಿದು ತಾರಸಿಯನ್ನು ಗುಡಿಸಬೇಕು. ಕೊಯ್ದ ಗೊಂಚಲನ್ನು ಹಪ್ಪಳ ಸಂಡಿಗೆಯಂತೆ ಬಿಸಿಲಿಗೆ ಹರಡದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಜಾಲರಿಯ ಮೇಲೆ ನೆರಳಿನಲ್ಲಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರೀಜರಿಗೆ ಸೇರಿಸಬೇಕು.

ಬಳಸಿ ಮಿಕ್ಕ ಚರಟವನ್ನು ಕಾಂಪೋಸ್ಟ್ ಗುಂಡಿಗೆ ಹಾಕಲೇಬಾರದು. ಧಾನ್ಯದ ಸಿಹಿ ವಾಸನೆ ಬೆರೆತಿದ್ದರಂತೂ ನಾಯಿ ಗುಂಡಿಯನ್ನು ಕೆದಕಿ ತಿನ್ನುತ್ತದೆ. ಅದನ್ನು ಎರಡು ಚೀಲಗಳಲ್ಲಿ ಬಿಗಿದು, ಮುಚ್ಚಳವಿರುವ ಬುಟ್ಟಿಯಲ್ಲಿಟ್ಟು, ‘ಓಲಾ ಕಚರಾ’ (ಹಸಿ ಕಸ) ಒಯ್ಯಲು ಬರುವವರ ಕೈಗೇ ವಿಷಯ ತಿಳಿಸಿ ಕೊಡಬೇಕು. ಹಿಂದಿನ ರಾತ್ರಿಯೇ ಗೇಟಿನ ಹೊರಗೆ ಚೀಲ ಇಟ್ಟುಬಿಟ್ಟರೆ ಅದನ್ನು ಹರಿಯುವುದು ಬೀದಿನಾಯಿಗಳು, ಮತ್ತು ಅವುಗಳಿಗೆ ಜ್ವರ ನೋಡುವವರು ಯಾರೂ ಇರುವುದಿಲ್ಲ.

ನಾಯಿ ಹಾಪ್ಸ್ ತಿಂದದ್ದನ್ನು ಕಂಡರೆ, ಅಥವಾ ತಿಂದಿರಬಹುದೆಂಬ ಅನುಮಾನ ಬಂದರೂ, ಲಕ್ಷಣ ಕಾಣಿಸಲೆಂದು ಕಾಯದೆ ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಬೇಕು. ಏಪ್ರಿಲ್, ಮೇ ತಿಂಗಳ ಪುಣೆಯಲ್ಲಿ ನಾಯಿ ಏದುಸಿರು ಬಿಟ್ಟರೆ ಬಿಸಿಲಿನದೆಂದು ಸುಮ್ಮನಾಗುವುದು ಸಹಜ, ಆದರೆ ಈ ಬಳ್ಳಿಯಿರುವ ಮನೆಯಲ್ಲಿ ಆ ಊಹೆಗೆ ಎಡೆಯಿರಬಾರದು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡ, ಅದೇ ಇನ್ನೊಂದು ವಿಷವಾದೀತು. ಮೈಬಿಸಿ ಏರಿದ್ದರೆ ಹೊಟ್ಟೆ, ತೊಡೆಸಂದು, ಪಾದಗಳಿಗೆ ತಣ್ಣೀರು ಹಾಕಿ, ಕಾರಿನ ಏಸಿ ಹಚ್ಚಿ ಕರೆದೊಯ್ಯಬೇಕು. ತಿಂದ ಗೊಂಚಲಿನ ಒಂದು ತುಣುಕು, ತಿಂದ ಹೊತ್ತು, ನಾಯಿಯ ತೂಕ, ಈ ಮೂರೂ ವೈದ್ಯರಿಗೆ ಬೇಕಾಗುತ್ತವೆ. ಈ ಸ್ಥಿತಿಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಬಳಸುವ ಡ್ಯಾಂಟ್ರೊಲೀನ್ ಎಂಬ ಔಷಧ ಎಲ್ಲ ದವಾಖಾನೆಗಳಲ್ಲಿ ಇರುವುದಿಲ್ಲವಾದ್ದರಿಂದ, ನಿಮ್ಮ ಬಡಾವಣೆಗೆ ಹತ್ತಿರದಲ್ಲಿ ರಾತ್ರಿಯೂ ತೆರೆದಿರುವ ಯಾವ ದವಾಖಾನೆಯಲ್ಲಿ ಅದು ಸಿಗುತ್ತದೆಂದು ಬಳ್ಳಿ ನೆಡುವ ಮೊದಲೇ ವಿಚಾರಿಸಿ, ಆ ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.