ನಿವೃತ್ತರ ಮನೆಗೆ ಎಷ್ಟು ಕಾರು ಬೇಕು? ಗೋಡೆಯ ಕ್ಯಾಲೆಂಡರ್ ಕೇಳಿ

ಆರು ವರ್ಷ ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ಎರಡು ಕಾರು ಹೊರಡುತ್ತಿದ್ದವು. ಯಜಮಾನರ ದೊಡ್ಡ ಕಾರು ಚಿತ್ರದುರ್ಗದ ಕಡೆ, ಅವರ ಬ್ಯಾಂಕಿಗೆ. ಹತ್ತಿರ ಹತ್ತಿರ 60 ಕಿಲೋಮೀಟರ್. ನನ್ನ ಚಿಕ್ಕ ಕಾರು ಹರಿಹರದ ಕಡೆ, ಹೈಸ್ಕೂಲಿಗೆ. ಹೆದ್ದಾರಿ ಒಂದೇ, ದಿಕ್ಕು ಮಾತ್ರ ಬೇರೆ. ಆಗ ಎರಡು ಕಾರು ಬೇಕೇ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

2022ರಲ್ಲಿ ಅವರು ನಿವೃತ್ತರಾದರು, 2024ರಲ್ಲಿ ನಾನು. ಕಾರುಗಳು ಮಾತ್ರ ಎರಡೇ ಉಳಿದವು. ಒಂದು ಪೋರ್ಟಿಕೋದಲ್ಲಿ, ಇನ್ನೊಂದು ರಸ್ತೆ ಬದಿಯ ಹೊಂಗೆ ಮರದ ಕೆಳಗೆ. ಮಾರೋಣವೇ, ಬೇಡವೇ, ಮಾರಿದರೆ ಯಾವುದು ಎಂದು ಒಂದು ವರ್ಷ ಮಾತಾಡಿದೆವು. ಮಾತಿನಲ್ಲಿ ಏನೂ ತೀರ್ಮಾನವಾಗಲಿಲ್ಲ. ಬರೆದಿಡಲು ಶುರು ಮಾಡಿದ ಮೇಲೆ ಆಯಿತು. ನಾವು ಮಾಡಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಹೇಳುತ್ತೇನೆ.

ಮೊದಲು ಕ್ಯಾಲೆಂಡರ್, ಆಮೇಲೆ ಕ್ಯಾಲ್ಕುಲೇಟರ್

ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದೇ ಸಾಕು. ದೊಡ್ಡ ಕಾರು ಹೊರಗೆ ಹೋದ ದಿನ ಒಂದು ಗೆರೆ, ಚಿಕ್ಕದು ಹೋದ ದಿನ ಒಂದು ಸೊನ್ನೆ. ಎರಡೂ ಒಂದೇ ಹೊತ್ತಿಗೆ ಹೊರಗೆ ಇದ್ದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಆ ಕೆಂಪು ಸುತ್ತೇ ಮುಖ್ಯ. ಕಾರು ಎಷ್ಟು ಕಿಲೋಮೀಟರ್ ಓಡಿತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೆಳಿಗ್ಗೆ ಅವರು, ಸಂಜೆ ನೀವು ಹೋದರೆ ಒಂದೇ ಕಾರು ಎರಡೂ ಕೆಲಸ ಮಾಡುತ್ತದೆ.

ಕನಿಷ್ಠ ಮೂರು ತಿಂಗಳು ಬರೆಯಿರಿ. ಒಂದು ಹಬ್ಬ, ಒಂದು ಮದುವೆ ಸೀಸನ್ ಅದರೊಳಗೆ ಬರಲಿ. ನಾವು ಫೆಬ್ರುವರಿಯಿಂದ ಏಪ್ರಿಲ್ ಕೊನೆಯವರೆಗೆ ಬರೆದೆವು. ಯುಗಾದಿಯೂ ಬಂತು, ಶಾಮನೂರು ರಸ್ತೆಯ ಕಲ್ಯಾಣ ಮಂಟಪಗಳಿಗೆ ಓಡಾಟವೂ ಆಯಿತು. ಮೂರು ತಿಂಗಳಲ್ಲಿ ಕೆಂಪು ಸುತ್ತು ಏಳು. ಅದರಲ್ಲಿ ಐದಕ್ಕೆ ಆಟೊ ಸಾಕಾಗುತ್ತಿತ್ತು. ಒಂದು ಸಲ ನಾನು ಮಂಡಿಪೇಟೆಗೆ ಹೋಗಿದ್ದೆ. ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ಹೊತ್ತಿಗೆ ಆಟೊದಲ್ಲಿ ಹೋಗಿ ಬಂದೇ ಬಿಡಬಹುದಿತ್ತು. ನಿಜವಾಗಿ ಇಬ್ಬರಿಗೂ ಕಾರು ಬೇಕಾಗಿದ್ದು ಎರಡೇ ದಿನ.

ನಿಮ್ಮ ಮನೆಯಲ್ಲಿ ಇದು ಬೇರೆ ಇರಬಹುದು. ಚನ್ನಗಿರಿ ಕಡೆ ಅಡಿಕೆ ತೋಟ ಇದ್ದು ಯಜಮಾನರು ವಾರಕ್ಕೆ ನಾಲ್ಕು ದಿನ ಬೆಳಿಗ್ಗೆಯೇ ಹೋಗಿ ಸಂಜೆ ಬರುವವರಾದರೆ, ಮನೆಯಲ್ಲಿ ಮೊಮ್ಮಕ್ಕಳ ಶಾಲೆಯ ಜವಾಬ್ದಾರಿಯೂ ಇದ್ದರೆ, ಕ್ಯಾಲೆಂಡರ್ ತುಂಬ ಕೆಂಪೇ ಕಾಣುತ್ತದೆ. ಹಾಗಿದ್ದರೆ ಎರಡೂ ಇರಲಿ. ವಾರಕ್ಕೆ ಎರಡಕ್ಕಿಂತ ಜಾಸ್ತಿ ಕೆಂಪು ಸುತ್ತು ಬಂದು, ಅವಕ್ಕೆ ಆಟೊ ಅಥವಾ ಬಸ್ಸಿನ ದಾರಿ ಇಲ್ಲದಿದ್ದರೆ ಮಾರಬೇಡಿ ಎಂದೇ ನಾನು ಹೇಳುತ್ತೇನೆ.

ನಿಂತ ಕಾರಿಗೂ ಖರ್ಚಿದೆ

ದುಡ್ಡಿನ ಲೆಕ್ಕ ಹಾಕುವಾಗ ಪೆಟ್ರೋಲ್, ಡೀಸೆಲ್ ಬಿಟ್ಟುಬಿಡಿ. ಯಾವ ಕಾರಿನಲ್ಲಿ ಹೋದರೂ ಅದು ಖರ್ಚಾಗುತ್ತದೆ. ಕಾರು ಸುಮ್ನೆ ನಿಂತಿದ್ದರೂ ಆಗುವ ಖರ್ಚನ್ನು ಮಾತ್ರ ಬರೆಯಿರಿ.

ನಮ್ಮ ದೊಡ್ಡ ಕಾರು 2013ರದು. ಅದರ ಒಂದು ವರ್ಷದ ಲೆಕ್ಕ ಹೀಗಿತ್ತು. ವಿಮೆ 8,500. ಸರ್ವಿಸ್ 9,000. ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಎಂಜಿನ್ ಆಯಿಲ್ ಬದಲಿಸಬೇಕು. ಬ್ಯಾಟರಿ, ಟೈರುಗಳನ್ನು ವರ್ಷಕ್ಕೆ ಹಂಚಿದರೆ 5,000. ಹೊಗೆ ತಪಾಸಣೆ, ವಾಟರ್ ವಾಶ್ ಇತ್ಯಾದಿ 1,500. ಒಟ್ಟು 24,000. ಇದರ ಮೇಲೆ ಕಾರಿನ ಬೆಲೆಯೇ ವರ್ಷಕ್ಕೆ 25,000ದಷ್ಟು ಇಳಿಯುತ್ತಿತ್ತು.

ಇನ್ನೊಂದು ಖರ್ಚು ಕಣ್ಣಿಗೆ ಬೀಳುವುದಿಲ್ಲ. ಕಾರು ಮಾರಿದರೆ 3 ಲಕ್ಷ ಬರುತ್ತದೆ ಎಂದಿಟ್ಟುಕೊಳ್ಳಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ 2023ರ ಏಪ್ರಿಲ್‌ನಲ್ಲಿ ಶೇ 8.2 ಆಯಿತು. ಆ ದರದಲ್ಲಿ 3 ಲಕ್ಷಕ್ಕೆ ವರ್ಷಕ್ಕೆ 24,600 ಬಡ್ಡಿ. ಮೂರು ತಿಂಗಳಿಗೊಮ್ಮೆ 6,150 ಖಾತೆಗೆ ಬಂದು ಬೀಳುತ್ತದೆ. ಅದನ್ನೂ ಸೇರಿಸಿದರೆ ಹೊಂಗೆ ಮರದ ಕೆಳಗಿನ ಕಾರು ನಮಗೆ ವರ್ಷಕ್ಕೆ 73,000ಕ್ಕಿಂತ ಜಾಸ್ತಿ, ಅಂದರೆ ತಿಂಗಳಿಗೆ 6,000 ಚಿಲ್ಲರೆ ತೆಗೆದುಕೊಳ್ಳುತ್ತಿತ್ತು. ಮನೆಯಿಂದ ಸ್ಟೇಷನ್ ಕಡೆಗೆ ಆಟೊದಲ್ಲಿ ಹೋಗಿ ಬರಲು ನಾವು ಕೊಡುವುದು 200ರ ಆಸುಪಾಸು. ಆ ದುಡ್ಡಿನಲ್ಲಿ ದಿನಾ ಒಂದು ಸಲ ಹೋಗಿ ಬರಬಹುದು. ಮೂರು ತಿಂಗಳಿಗೆ ಏಳು ಸಲ ಹೋಗುವವರು ನಾವು!

15 ವರ್ಷದ ಗಡಿಯನ್ನೂ ನೋಡಿಕೊಳ್ಳಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಶುಲ್ಕ ಮೊದಲು 600 ಇತ್ತು, 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಹಸಿರು ತೆರಿಗೆ ಬೇರೆ. ಗಡಿ ಹತ್ತಿರ ಬಂದಷ್ಟೂ ಕೊಳ್ಳುವವರು ಬೆಲೆ ಇಳಿಸುತ್ತಾರೆ. ಮಾರುವುದೇ ಆದರೆ ಎರಡು ಮೂರು ವರ್ಷ ಮೊದಲೇ ಮಾರಿ.

ನಿಂತ ಕಾರು ಹಾಳಾಗುವುದೂ ಬೇಗ. ಗೌರಿ ಹಬ್ಬದ ಹಿಂದಿನ ದಿನ ನಮ್ಮದು ಸ್ಟಾರ್ಟ್ ಆಗಲೇ ಇಲ್ಲ. ಬಾನೆಟ್ ಎತ್ತಿದರೆ ಇಲಿ ಗೂಡು ಕಟ್ಟಿತ್ತು, ವೈರುಗಳನ್ನು ಕಡಿದು ಹಾಕಿತ್ತು. ಹಬ್ಬದ ಖರ್ಚಿನ ಮೇಲೆ 7,000 ರಿಪೇರಿ. ಪೆಟ್ರೋಲ್ ಕಾರಾದರೆ ಇನ್ನೊಂದು ತೊಂದರೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಎಥನಾಲ್ ನೀರಿನಂಶ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡುವುದು ಒಳ್ಳೆಯದಲ್ಲ. ಎರಡು ಕಾರು ಇಟ್ಟುಕೊಳ್ಳುವವರು ವಾರಕ್ಕೊಮ್ಮೆ ಎರಡನ್ನೂ ಕುಂದವಾಡ ಕೆರೆಯವರೆಗಾದರೂ ಓಡಿಸಿ. ಬರೀ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡಿದರೆ ಬ್ಯಾಟರಿ ತುಂಬುವುದಿಲ್ಲ.

ಯಾವುದು ಉಳಿಯಬೇಕು?

ಈ ವಿಷಯಕ್ಕಾಗಿಯೇ ನಾನು ಈ ಲೇಖನ ಬರೆಯಲು ಕೂತಿದ್ದು.

ಒಂದು ಮಾರುವುದು ಎಂದಾದ ಮೇಲೆ ನಮ್ಮ ಮನೆಯಲ್ಲಿ, ನೆಂಟರಲ್ಲಿ, ಫೋನಿನಲ್ಲಿ ಮಕ್ಕಳು ಕೂಡ ಹೇಳಿದ್ದು ಒಂದೇ ಮಾತು. ‘ಚಿಕ್ಕದನ್ನು ಕೊಟ್ಟುಬಿಡಿ. ದೊಡ್ಡದು ಗಟ್ಟಿ, ಹೆದ್ದಾರಿಗೆ ಒಳ್ಳೆಯದು.’ ಚಿಕ್ಕದು ಎಂದರೆ ನನ್ನದು. ನನ್ನ ಜೊತೆ ಕೆಲಸ ಮಾಡಿದ ಮೂವರು ಟೀಚರುಗಳ ಮನೆಯಲ್ಲಿ ಆದದ್ದೂ ಇದೇ. ಹೆಂಡತಿಯ ಕಾರು ಹೋಯಿತು. ಗಂಡನ ದೊಡ್ಡ ಕಾರು ಅವರ ಕೈಗೆ ಹತ್ತಲಿಲ್ಲ. ಒಂದು ವರ್ಷದಲ್ಲಿ ಡ್ರೈವಿಂಗೇ ಬಿಟ್ಟುಹೋಯಿತು. ಇಪ್ಪತ್ತು ವರ್ಷ ಯಾರನ್ನೂ ಕೇಳದೆ ಓಡಾಡಿದವರು ಈಗ ದೇವಸ್ಥಾನಕ್ಕೂ ‘ಬಿಟ್ಟು ಬರ್ತೀರಾ’ ಎಂದು ಕೇಳಬೇಕು. ಇದು ನನಗೆ ತುಂಬಾ ನೋವು ಕೊಡುವ ಸಂಗತಿ.

ಹಾಗಾಗಿ ಹೀಗೆ ಮಾಡಿ. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಎರಡೂ ಕಾರನ್ನು ಓಡಿಸಿ ನೋಡಿ. ಬಡಾವಣೆಯೊಳಗೆ ಒಂದು ಸುತ್ತು, ಪಿ.ಬಿ. ರಸ್ತೆಯಲ್ಲಿ ಒಂದು ಸುತ್ತು, ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್. ರಿವರ್ಸ್ ತೆಗೆದು ಗೇಟಿನೊಳಗೆ ನಿಲ್ಲಿಸಿ. ಇಬ್ಬರೂ ಹೆದರದೆ ಓಡಿಸಿದ ಕಾರು ಉಳಿಯಬೇಕು. ಬೆಲೆ, ಬ್ರ್ಯಾಂಡ್, ಡಿಕ್ಕಿಯ ಗಾತ್ರ ಎಲ್ಲ ಆಮೇಲೆ.

ಇದನ್ನು ಬರೀ ಸ್ವಾತಂತ್ರ್ಯದ ಮಾತು ಎಂದು ತಿಳಿಯಬೇಡಿ. ‘ರಾತ್ರಿ ಹೊತ್ತು ಎದೆನೋವು ಬಂದರೆ’ ಎಂಬ ಭಯದಿಂದಲೇ ಬಹಳ ಜನ ಎರಡು ಕಾರು ಇಟ್ಟುಕೊಂಡಿರುತ್ತಾರೆ. ಎದೆನೋವು ಬಂದವರು ಸ್ಟೇರಿಂಗ್ ಹಿಡಿಯಬಾರದು. ಆ ಹೊತ್ತಿಗೆ 108ಕ್ಕೆ ಫೋನ್ ಮಾಡುವುದೇ ಸರಿ. ಆದರೆ ಜ್ವರ, ಕೈ ಮುರಿತ, ಕಣ್ಣಿನ ಆಪರೇಷನ್ ಆದ ಮರುದಿನದ ಚೆಕಪ್ ಇವೆಲ್ಲ ಇರುತ್ತವಲ್ಲ. ಆಗ ಮನೆ ಮುಂದೆ ಎರಡು ಕಾರಿದ್ದು ಓಡಿಸುವವರು ಒಬ್ಬರೇ ಇದ್ದರೆ ಪ್ರಯೋಜನವಿಲ್ಲ. ಒಂದೇ ಕಾರಿದ್ದು ಓಡಿಸುವವರು ಇಬ್ಬರಿದ್ದರೆ ಮನೆ ನಡೆಯುತ್ತದೆ.

ಮಂಡಿ ನೋವು ಇರುವವರಿಗೆ ಕ್ಲಚ್ ತುಳಿಯುವುದೇ ಕಷ್ಟ. ಇಬ್ಬರಲ್ಲಿ ಒಬ್ಬರಿಗೆ ಈ ತೊಂದರೆ ಶುರುವಾಗಿದ್ದರೆ, ಎರಡನ್ನೂ ಮಾರಿ ಒಂದು ಚಿಕ್ಕ ಆಟೊಮ್ಯಾಟಿಕ್ ತೆಗೆದುಕೊಳ್ಳುವುದನ್ನೂ ಯೋಚಿಸಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ.

ಲೈಸೆನ್ಸ್ ತೆಗೆದು ದಿನಾಂಕ ನೋಡಿ. 55 ದಾಟಿದ ಮೇಲೆ ಮಾಡಿಸಿದ ನವೀಕರಣ ಐದು ವರ್ಷಕ್ಕೆ ಮಾತ್ರ. ವೈದ್ಯರಿಂದ ಆರೋಗ್ಯ ಪ್ರಮಾಣಪತ್ರ, ಅಂದರೆ ಫಾರಂ 1ಎ ಬೇಕು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಹೆಂಗಸರ ಲೈಸೆನ್ಸ್ ಬೀರುವಿನಲ್ಲಿ ಹಾಗೇ ಸತ್ತು ಹೋಗುವುದು ಇಲ್ಲಿಯೇ.

ಎರಡು ತಿಂಗಳ ಪರೀಕ್ಷೆ

ಮಾರುವ ಮುಂಚೆ ಮಾರಿದಂತೆ ಬದುಕಿ ನೋಡಿ. ಹೋಗಬೇಕಾದ ಕಾರಿನ ಕೀಲಿ ಬೀರುವಿಗೆ ಹಾಕಿ. ವಾರದ ಒಂದು ಸುತ್ತು ಬಿಟ್ಟು ಬೇರೆ ಯಾವುದಕ್ಕೂ ತೆಗೆಯಬೇಡಿ. ಜಗಳ ಆಗುತ್ತದೆ, ಆಗಲಿ. ನಮ್ಮಲ್ಲಿ ಮೊದಲ ಹದಿನೈದು ದಿನ ಆಯಿತು. ಆಮೇಲೆ ರಾತ್ರಿ ಊಟದ ಹೊತ್ತಿಗೆ ‘ನಾಳೆ ನಿಮ್ಮದೇನು, ನಂದೇನು’ ಎಂದು ಕೇಳಿಕೊಳ್ಳುವುದು ರೂಢಿಯಾಯಿತು.

ದೂರದ ಊರಿಗೆ ಏನು ಮಾಡುವುದು ಎಂಬುದೂ ಈ ಎರಡು ತಿಂಗಳಲ್ಲಿ ಗೊತ್ತಾಗುತ್ತದೆ. ದಾವಣಗೆರೆಯವರಿಗೆ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗವೇ ದೊಡ್ಡ ಅನುಕೂಲ. 2023ರ ಜೂನ್‌ನಿಂದ ವಂದೇ ಭಾರತ್ ಕೂಡ ಇಲ್ಲಿ ನಿಲ್ಲುತ್ತದೆ. 260 ಕಿಲೋಮೀಟರ್ ಲಾರಿಗಳ ನಡುವೆ ಓಡಿಸಿ ಸುಸ್ತಾಗುವ ವಯಸ್ಸಲ್ಲ ನಮ್ಮದು. ಹರಿಹರಕ್ಕೆ ನಾನು ಈಗ ಬಸ್ಸಿನಲ್ಲೇ ಹೋಗುತ್ತೇನೆ. ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಚಿತ್ರದುರ್ಗದವರ ಲೆಕ್ಕ ಸ್ವಲ್ಪ ಬೇರೆ. ಅವರ ಸ್ಟೇಷನ್ ಚಿಕ್ಕಜಾಜೂರು–ಬಳ್ಳಾರಿ ಕವಲು ಮಾರ್ಗದಲ್ಲಿದೆ, ಬೆಂಗಳೂರಿಗೆ ಬಸ್ಸೇ ಹೆಚ್ಚು. ಅಲ್ಲಿಯವರು ಹೆದ್ದಾರಿ ಪ್ರಯಾಣಕ್ಕೆ ಒಗ್ಗುವ ಕಾರಿಗೆ ಒಂದು ಅಂಕ ಜಾಸ್ತಿ ಕೊಟ್ಟರೆ ತಪ್ಪಿಲ್ಲ.

ಮಾರುವಾಗ ಕಾಗದ ಪತ್ರ

ದುಡ್ಡು ಬಂತು, ಗಾಡಿ ಹೋಯಿತು ಎಂದು ಸುಮ್ಮನಾಗಬೇಡಿ. ನಮ್ಮ ಬೀದಿಯ ಹಿರಿಯರೊಬ್ಬರು ಹಾಗೆ ಮಾಡಿದ್ದರು. ಎಂಟು ತಿಂಗಳಾದ ಮೇಲೆ ಎಲ್ಲೋ ಸಿಗ್ನಲ್ ಜಂಪ್ ಮಾಡಿದ ದಂಡದ ನೋಟಿಸ್ ಅವರ ಮನೆಗೇ ಬಂತು. ಇನ್ನೂ ದೊಡ್ಡ ಅಪಾಯ ಅಪಘಾತದ್ದು. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಮಾಲೀಕತ್ವ ಬದಲಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಆರ್‌ಟಿಒಗೆ ಅರ್ಜಿ ಹೋಗಿದೆಯೇ ಎಂದು ನೀವೇ ನೋಡಿ. ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದಲ್ಲಿ ತಿಳಿಸಬೇಕು. ಹಳೆಯ ಸಾಲ ಇದ್ದಿದ್ದರೆ ಫಾರಂ 35 ಕೊಟ್ಟು ಬ್ಯಾಂಕಿನ ಹೆಸರು ತೆಗೆಸಿ. ಫಾಸ್ಟ್ಯಾಗ್ ಮುಚ್ಚಿಸಿ. ಆರ್‌ಸಿ ಹೊಸಬರ ಹೆಸರಿಗೆ ಆಯಿತೇ ಎಂದು ಪರಿವಾಹನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಬಹುದು. ಆಗುವವರೆಗೆ ಫೋನ್ ಮಾಡುತ್ತಲೇ ಇರಿ, ಸಂಕೋಚ ಬೇಡ.

ವಿಮೆಯ ನೋ ಕ್ಲೈಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗಾಗಿ ಕಂತಿನಲ್ಲಿ ಸಿಗುವ ರಿಯಾಯಿತಿ, ಬಿಟ್ಟುಕೊಡಬೇಡಿ. ಅದು ಕಾರಿನದಲ್ಲ, ನಿಮ್ಮದು. ಶೇ 50ರವರೆಗೆ ಇರುತ್ತದೆ. ಮಾರಿದಾಗ ವಿಮಾ ಕಂಪನಿಯಿಂದ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಬೇರೆ ಕಾರಿಗೆ ಬಳಸಬಹುದು. ಆದರೆ ಆ ಕಾರು ನಿಮ್ಮ ಹೆಸರಿನಲ್ಲೇ ಇರಬೇಕು. ಗಂಡನ ಬೋನಸ್ ಹೆಂಡತಿಯ ಕಾರಿಗೆ ಬರುವುದಿಲ್ಲ.

ಉಳಿದ ಕಾರಿನ ಪಾಲಿಸಿಯನ್ನೂ ಬಿಡಿಸಿ ಓದಿ. ಕಡ್ಡಾಯವಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕರಿಗೆ ಮಾತ್ರ. ನಮ್ಮಲ್ಲಿ ಉಳಿದ ಚಿಕ್ಕ ಕಾರು ನನ್ನ ಹೆಸರಿನಲ್ಲಿದೆ. ಈಗ ಅರ್ಧ ದಿನ ಓಡಿಸುವವರು ಅವರು. ಅವರಿಗೆ ಬೇರೆಯೇ ಒಂದು ಅಪಘಾತ ವಿಮೆ ಮಾಡಿಸಿದೆವು.

ಕೊನೆಯದಾಗಿ ಆರ್‌ಸಿಗೆ ನಾಮಿನಿ. ಬ್ಯಾಂಕ್ ಖಾತೆಗೆ ಇರುವಂತೆ ಇದಕ್ಕೂ 2021ರಿಂದ ಅವಕಾಶವಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಾಲೀಕರು ತೀರಿಕೊಂಡರೆ 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಿಗೆ ಅರ್ಜಿ ಹಾಕಬೇಕು. ಆ ದುಃಖದ ದಿನಗಳಲ್ಲಿ ವಾರಸುದಾರರ ಪತ್ರ ಹಿಡಿದು ಅಲೆಯುವುದು ಎಷ್ಟು ಕಷ್ಟ, ಅಲ್ವಾ? ದೊಡ್ಡ ಕಾರು ಮಾರಿದ ವಾರವೇ ನಾನು ಅವರ ಹೆಸರನ್ನು ನಾಮಿನಿಯಾಗಿ ಸೇರಿಸಿದೆ. ಕಾರಿನ ಜೊತೆ ಬಂದಿದ್ದ ಎರಡನೇ ಕೀಲಿ ಒಂಬತ್ತು ವರ್ಷ ಬೀರುವಿನಲ್ಲೇ ಇತ್ತು. ಅದೀಗ ಅವರ ಜೇಬಿನಲ್ಲಿದೆ.