ಕಾರಿಲ್ಲದೆ ಚಾರಣ: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಹೊಸದಾಗಿ ಬಂದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ಬೆಟ್ಟಗಳ ಕಡೆ ನಡೆಯೋಕೆ ಹೋಗಬೇಕು, ಆದರೆ ಕಾರಿಲ್ಲ. ಏನು ಮಾಡೋದು?" ಕಾರಿಲ್ಲದಿದ್ದರೇ ಅನುಕೂಲ ಅಂತ ನಾನು ಹೇಳುತ್ತೇನೆ. ಇಲ್ಲಿನ ಎಷ್ಟೋ ದೂರದ ಚಾರಣ ದಾರಿಗಳು ಒಂದು ಊರಲ್ಲಿ ಶುರುವಾಗಿ ಇನ್ನೆಲ್ಲೋ ಮುಗಿಯುತ್ತವೆ. ಕಾರು ತಂದವರು ಎಷ್ಟು ನಡೆದರೂ ಅದನ್ನು ನಿಲ್ಲಿಸಿದ ಜಾಗಕ್ಕೇ ಮರಳಬೇಕು. ರೈಲಲ್ಲಿ ಬಂದವರಿಗೆ ಆ ಕಟ್ಟು ಇಲ್ಲ, ಮುಂದಕ್ಕೇ ಹೋಗಬಹುದು.

ಲಂಡನ್ ಕಡೆ ಇರುವವರು ಸೌತ್ ಡೌನ್ಸ್ ವೇ ಅನ್ನೋ ಚಾರಣ ದಾರಿಯಿಂದ ಶುರು ಮಾಡಿ. ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ 100 ಮೈಲಿ. ಎರಡೂ ತುದಿಯಲ್ಲಿ ರೈಲ್ವೆ ಸ್ಟೇಷನ್ ಇದೆ. ನಡುವೆ ಆಂಬರ್ಲಿ ಸ್ಟೇಷನ್ ದಾರಿಗೆ ತೀರಾ ಹತ್ತಿರ. ಸೌತೀಸ್‌ನಲ್ಲಂತೂ ದಾರಿ ಸ್ಟೇಷನ್ ಪಕ್ಕದಲ್ಲೇ ಹಳಿ ದಾಟುತ್ತದೆ. ಇಡೀ ದಾರಿಯನ್ನು ಒಂದೇ ಸಲ ಮುಗಿಸಬೇಕು ಅಂತೇನಿಲ್ಲ. ಬಿಡುವಾದ ಶನಿವಾರಗಳಲ್ಲಿ ಒಂದೊಂದು ತುಂಡು ನಡೆದರೆ ಸಾಕು.

ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆಯವರಿಗೆ ಈಡೇಲ್ ಇದೆ. ಆ ಎರಡು ಊರುಗಳ ನಡುವಿನ ರೈಲು ಮಾರ್ಗದಲ್ಲೇ ಇರುವ ಸಣ್ಣ ಹಳ್ಳಿ. 1965ರಲ್ಲಿ ತೆರೆದ ಪೆನ್ನೈನ್ ವೇ ಚಾರಣ ದಾರಿ ಶುರುವಾಗುವುದು ಇಲ್ಲಿಂದಲೇ. ಸ್ಟೇಷನ್‌ನಿಂದ ಸ್ವಲ್ಪ ಹೊತ್ತು ನಡೆದರೆ ದಾರಿಯ ಬಾಯಿ ಸಿಗುತ್ತದೆ. ಆದರೆ 268 ಮೈಲಿ ಆಚೆ, ಸ್ಕಾಟ್ಲೆಂಡಿನ ಕರ್ಕ್ ಯೆಟಮ್‌ನಲ್ಲಿ ರೈಲಿಲ್ಲ. ಅಲ್ಲಿಂದ ಕೆಲ್ಸೋಗೆ ಬಸ್ ಹಿಡಿದು, ಇನ್ನೊಂದು ಬಸ್ಸಲ್ಲಿ ರೈಲಿರುವ ಊರು ತಲುಪಬೇಕು.

ಈಗ ನನಗೆ ಮುಖ್ಯ ಅನಿಸಿದ ಮಾತು. ದಿನಕ್ಕೆ ಮೂರು ನಾಲ್ಕು ಸಲ ಮಾತ್ರ ಓಡುವ ಬಸ್ಸನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ. ಗಂಟೆಗೊಂದು ರೈಲು ಬರುವ ಸ್ಟೇಷನ್ ಕಡೆಗೆ ನಡೆದು ಬನ್ನಿ. ಬೆಳಿಗ್ಗೆ ಕಾಲಿನಲ್ಲಿ ಶಕ್ತಿ ಇರುತ್ತದೆ, ಬಸ್ ತಪ್ಪಿದರೂ ಬೇರೆ ಯೋಚನೆ ಮಾಡೋಕೆ ಹೊತ್ತಿರುತ್ತದೆ. ಸಂಜೆ ಎರಡೂ ಇರುವುದಿಲ್ಲ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಂದು ಆಗಸ್ಟ್‌ನಲ್ಲಿ ಇಡೀ ದಿನ ನಡೆದು, ಸಂಜೆಯ ಬಸ್ ನಂಬಿ ಒಂದು ಹಳ್ಳಿಗೆ ಬಂದೆ. ಸ್ಟಾಪಿನಲ್ಲಿ ಗಾಜಿನ ಹಿಂದೆ ವೇಳಾಪಟ್ಟಿ ಇತ್ತು, 4.10ರ ಬಸ್ಸೂ ಇತ್ತು. ಆ 4.10ರ ತಲೆಯ ಮೇಲೆ ಒಂದು ಪುಟ್ಟ ಅಕ್ಷರ. ಕೆಳಗೆ ಅದರ ಅರ್ಥ ಬರೆದಿತ್ತು: ಶಾಲೆ ಇರುವ ದಿನ ಮಾತ್ರ. ಬೇಸಿಗೆ ರಜೆ ನಡೀತಿತ್ತು, ಬಸ್ ಎಲ್ಲಿಂದ ಬರಬೇಕು? ನೆನೆದ ಸಾಕ್ಸ್ ಹಿಂಡಿ ಮತ್ತೆ ಹಾಕಿಕೊಂಡೆ. ಏಳು ಮೈಲಿ ಟಾರು ರಸ್ತೆಯಲ್ಲಿ ನಡೆದೆ.

ಹಾಗಾಗಿ ವೇಳಾಪಟ್ಟಿಯಲ್ಲಿ ಸಮಯಕ್ಕಿಂತ ಮೊದಲು ಆ ಪುಟ್ಟ ಅಕ್ಷರಗಳನ್ನು ಓದಿ. ಭಾನುವಾರ ಹಳ್ಳಿಗಳಿಗೆ ಬಸ್ಸೇ ಇಲ್ಲದಿರಬಹುದು. ಇದಕ್ಕೆ ತದ್ವಿರುದ್ಧವಾಗಿ, ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್ ಕಣಿವೆಗಳಲ್ಲಿ ಭಾನುವಾರ ಮತ್ತು ಬ್ಯಾಂಕ್ ಹಾಲಿಡೇಗೆ (ಸಾರ್ವಜನಿಕ ರಜೆಗೆ) ಅಂತಲೇ ಡೇಲ್ಸ್‌ಬಸ್ ಓಡುತ್ತದೆ. ರೈಲು ಹಳಿ ರಿಪೇರಿಯೂ ಹೆಚ್ಚಾಗಿ ಭಾನುವಾರವೇ, ಆಗ ರೈಲಿನ ಬದಲು ಬಸ್ ಬಿಡುತ್ತಾರೆ. ಹಿಂದಿನ ರಾತ್ರಿ ರೈಲಿನ ಸಮಯಕ್ಕೆ ನ್ಯಾಷನಲ್ ರೈಲ್ ವೆಬ್‌ಸೈಟಲ್ಲೂ ಬಸ್ಸಿನ ಸಮಯಕ್ಕೆ ಟ್ರಾವೆಲೈನ್ ವೆಬ್‌ಸೈಟಲ್ಲೂ ಒಮ್ಮೆ ನೋಡಿಕೊಂಡು, ವಾಪಸ್ ಬರುವ ಸಮಯಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬೆಟ್ಟದ ಸಂದಿಯಲ್ಲಿ ಸಿಗ್ನಲ್ ಸಿಗುವುದಿಲ್ಲ.

ಸ್ಟೇಷನ್ ಹೆಸರನ್ನೂ ಸುಮ್ನೆ ನಂಬಬೇಡಿ. ಸೆಟಲ್–ಕಾರ್ಲೈಲ್ ಮಾರ್ಗದ ಡೆಂಟ್ ಸ್ಟೇಷನ್‌ನಿಂದ ಡೆಂಟ್ ಹಳ್ಳಿಗೆ ಸುಮಾರು 4 ಮೈಲಿ. ನಕ್ಷೆ ನೋಡದೆ ಇಳಿದರೆ ಕಷ್ಟ, ಅಲ್ವಾ?

ಟಿಕೆಟ್ ವಿಷಯಕ್ಕೆ ಬಂದರೆ, ಹೋಗುವಾಗ ಮುಂಚೆಯೇ ಬುಕ್ ಮಾಡುವ ಅಡ್ವಾನ್ಸ್ ಟಿಕೆಟ್ ಪರವಾಗಿಲ್ಲ, ಅಗ್ಗ. ಬರುವಾಗ ಬೇಡ. ಅದು ಬುಕ್ ಮಾಡಿದ ರೈಲಿಗೆ ಮಾತ್ರ ನಡೆಯುತ್ತದೆ. ಕೊನೇ ಇಳಿಜಾರಲ್ಲಿ ಗಡಿಯಾರ ನೋಡ್ಕೊಂಡು ಓಡಿದರೆ ಕಾಲು ಉಳುಕುತ್ತದೆ. ಒಂದೇ ಮಾರ್ಗದ ಎರಡು ಸ್ಟೇಷನ್‌ಗಳ ನಡುವೆ ನಡೆಯುವುದಾದರೆ, ಮನೆಯಿಂದ ದೂರದ ಸ್ಟೇಷನ್‌ಗೆ ಆಫ್‌ಪೀಕ್ ರಿಟರ್ನ್ (ಜನದಟ್ಟಣೆ ಇಲ್ಲದ ಹೊತ್ತಿನ, ಹೋಗಿ ಬರುವ ಟಿಕೆಟ್) ತಗೊಳ್ಳಿ. ಸಾಮಾನ್ಯವಾಗಿ ಅದರಲ್ಲೇ ನಡುವಿನ ಸ್ಟೇಷನ್‌ನಿಂದ ಹತ್ತಿ ಮರಳಬಹುದು. ಆ ಟಿಕೆಟ್ಟಿನ ಷರತ್ತು ಮಾತ್ರ ಮೊದಲೇ ಓದಿ. ರೈಲ್‌ಕಾರ್ಡ್ ಅನ್ನೋ ರಿಯಾಯಿತಿ ಕಾರ್ಡ್ ಇದ್ದರೆ ಹೆಚ್ಚಿನ ಟಿಕೆಟ್‌ಗಳಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ.

ಸ್ವಲ್ಪ ರೂಢಿ ಆದ ಮೇಲೆ ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇಗೆ ಹೋಗಿ, 96 ಮೈಲಿ. ಶುರುವಾಗುವ ಊರಿನ ಹೆಸರನ್ನು ಇಂಗ್ಲಿಷಲ್ಲಿ ಬರೆದಂತೆ ಓದಿದರೆ "ಮಿಲ್‌ನ್‌ಗೇವಿ" ಅನಿಸುತ್ತದೆ. ಅಲ್ಲಿನ ಜನ ಅದನ್ನು "ಮಲ್‌ಗೈ" ಅನ್ನುತ್ತಾರೆ. ಟಿಕೆಟ್ ಕೇಳುವಾಗ ಹಾಗೇ ಹೇಳಿ. ಗ್ಲಾಸ್ಗೋದಿಂದ ರೈಲಲ್ಲಿ ಅರ್ಧ ಗಂಟೆ ಸಾಕು. ಲಾಕ್ ಲೋಮಂಡ್ ಸರೋವರದ ಹತ್ತಿರ ನಿಮ್ಮ ದಾರಿ ಪೂರ್ವ ದಂಡೆಯಲ್ಲಿ, ರೈಲು ಪಶ್ಚಿಮ ದಂಡೆಯಲ್ಲಿ. ಆ ಭಾಗದಲ್ಲಿ ಸುಸ್ತಾದರೆ ಹೊರಬರುವುದು ಕಷ್ಟ. ಅಲ್ಲಿಗೆ ದಿನ ಸಾಕಷ್ಟು ಇಟ್ಟುಕೊಳ್ಳಿ. ಆಮೇಲೆ ಕ್ರಿಯನ್‌ಲಾರಿಕ್, ಟಿಂಡ್ರಮ್, ಬ್ರಿಡ್ಜ್ ಆಫ್ ಆರ್ಕಿ, ಮೂರೂ ಕಡೆ ರೈಲು ಸಿಗುತ್ತದೆ. ಮಂಡಿ ನೋವು ಬಂತು, ಮಳೆ ಬಿಡಲಿಲ್ಲ ಅಂದರೆ ಅಲ್ಲಿಂದ ಮನೆಗೆ ಹೊರಡಬಹುದು. ಮುಂದಿನ ಸಲ ಅದೇ ಪ್ಲಾಟ್‌ಫಾರ್ಮಲ್ಲಿ ಇಳಿದು, ದಾರಿ ಮುಗಿಯುವ ಫೋರ್ಟ್ ವಿಲಿಯಂ ಕಡೆಗೆ ಹೆಜ್ಜೆ ಹಾಕಿ. ಈ ಮಾರ್ಗದಲ್ಲಿ ದಿನಕ್ಕೆ ಕೆಲವೇ ರೈಲುಗಳು, ಭಾನುವಾರ ಇನ್ನೂ ಕಮ್ಮಿ. ಗ್ಲಾಸ್ಗೋಗೆ ಹೋಗುವ ಸಿಟಿಲಿಂಕ್ ಬಸ್ಸಿನ ಸಮಯವನ್ನೂ ಬರೆದಿಟ್ಟುಕೊಳ್ಳಿ. ಹಳ್ಳಿಯ ಸ್ಟಾಪುಗಳಲ್ಲಿ ಬಸ್ ತಾನಾಗೇ ನಿಲ್ಲುತ್ತದೆ ಅಂದುಕೊಂಡು ಕೂರಬೇಡಿ. ಡ್ರೈವರ್‌ಗೆ ಕಾಣುವಂತೆ ಎದ್ದು ನಿಂತು ಕೈ ಚಾಚಿ.