ಯುಎಸ್‌ಬಿಯಿಂದ ಬೋರ್ಡ್‌ಗೆ ಕರೆಂಟ್: ಸುಡದಂತೆ ಕೊಡುವುದು ಹೇಗೆ?

ಇಎಸ್‌ಪಿ32 ಎಂಬ, ನಾವೇ ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ವೈಫೈ ಬೋರ್ಡ್ ಕೈಗೆ ಬಂದ ದಿನವೇ ಅಕ್ಕನ ಮಗಳು ಕೇಳಿದಳು: ‘ಮಾಮಾ, ಅಪ್ಪನ ಚಾರ್ಜರ್ ಮೇಲೆ 3 ಆಂಪಿಯರ್ ಅಂತ ಇದೆ. ಹಾಕಿದ್ರೆ ಸುಟ್ಟು ಹೋಗಲ್ವಾ?’

ಹೋಗುವುದಿಲ್ಲ. ವೋಲ್ಟೇಜ್ 5 ಇದ್ದರೆ ಬೋರ್ಡ್ ತನಗೆ ಬೇಕಾದಷ್ಟೇ ಕರೆಂಟ್ ಎಳೆದುಕೊಳ್ಳುತ್ತದೆ. ಗೀಸರ್ ನಡೆಸುವ ಲೈನಿನಲ್ಲೇ ದೇವರ ಕೋಣೆಯ ಝೀರೋ ಕ್ಯಾಂಡಲ್ ಬಲ್ಬೂ ಉರಿಯುತ್ತದಲ್ಲ, ಹಾಗೆ. 65 ವಾಟಿನ ಟೈಪ್-ಸಿ ಲ್ಯಾಪ್‌ಟಾಪ್ ಚಾರ್ಜರ್ ಕೂಡ ಎದುರಿನ ಸಾಧನ ಕೇಳದ ಹೊರತು 5 ವೋಲ್ಟ್ ದಾಟುವುದಿಲ್ಲ. ಬೋರ್ಡ್‌ಗಳು ಹಾಳಾಗುವುದು ಬೇರೆ ಕಾರಣಗಳಿಂದ.

ಅಡಾಪ್ಟರ್ ಮತ್ತು ಕೇಬಲ್

ಅಡಾಪ್ಟರ್ ಮೇಲೆ ಬಿಐಎಸ್ ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಹೆಸರಿಲ್ಲದ ಅಗ್ಗದ ಅಡಾಪ್ಟರುಗಳಲ್ಲಿ 230 ವೋಲ್ಟಿನ ಬದಿಗೂ 5 ವೋಲ್ಟಿನ ಬದಿಗೂ ನಡುವಿನ ಇನ್ಸುಲೇಷನ್ ತೆಳುವಾಗಿರಬಹುದು. ಬೋರ್ಡಿನ ಪಿನ್ನುಗಳನ್ನು ನಾವು ಬರಿಗೈಯಲ್ಲಿ ಮುಟ್ಟುತ್ತೇವೆ. ಆದ್ದರಿಂದ ಇಲ್ಲಿ ಐವತ್ತು ರೂಪಾಯಿ ಉಳಿಸಲು ಹೋಗಬೇಡಿ.

ಕೇಬಲ್ಲನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ತೆಳು ಕೇಬಲ್ಲಿನೊಳಗೆ ಸಾಮಾನ್ಯವಾಗಿ 28 ಗೇಜ್ ತಂತಿ ಇರುತ್ತದೆ. ಒಂದು ಮೀಟರಿಗೆ ಹೋಗಿ ಬರುವ ದಾರಿ ಸೇರಿದರೆ ಅದರ ರೆಸಿಸ್ಟೆನ್ಸ್ ಸುಮಾರು 0.43 ಓಮ್. ಅರ್ಧ ಆಂಪಿಯರ್ ಹರಿದರೆ 0.21 ವೋಲ್ಟ್ ಕೇಬಲ್ಲಿನಲ್ಲೇ ಕಳೆದುಹೋಯಿತು. ಇಎಸ್‌ಪಿ32 ಡೆವ್‌ಕಿಟ್ ಬಗೆಯ ಅನೇಕ ಬೋರ್ಡ್‌ಗಳಲ್ಲಿ ಯುಎಸ್‌ಬಿ ದಾರಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದಿದೆ, ಅದು ಇನ್ನೊಂದು 0.3 ತಿನ್ನುತ್ತದೆ. ಉಳಿದದ್ದು 4.49. ವೋಲ್ಟೇಜ್ ಇಳಿಸಿ ಚಿಪ್ಪಿಗೆ ಕೊಡುವ ಎಎಂಎಸ್1117 ರೆಗ್ಯುಲೇಟರ್ 3.3 ವೋಲ್ಟ್ ಕೊಡಬೇಕೆಂದರೆ ಅದರ ಮೇಲೆ ಸುಮಾರು 1.1 ವೋಲ್ಟ್ ಹೆಚ್ಚು, ಅಂದರೆ 4.4 ಬೇಕು. ಒಂದು ಮೀಟರಿಗೆ ಹೇಗೋ ದಾಟಿದೆವು. ಎರಡು ಮೀಟರಿನ ಅದೇ ಕೇಬಲ್ ಹಾಕಿದರೆ ವೈಫೈ ಶುರುವಾದ ಕೂಡಲೇ ಬೋರ್ಡ್ ರೀಸ್ಟಾರ್ಟ್ ಆಗುವುದು ಇದಕ್ಕೇ. ಗಿಡ್ಡ, ದಪ್ಪ, ಡೇಟಾ ತಂತಿಯೂ ಇರುವ ಕೇಬಲ್ ಕೊಳ್ಳಿ. ಚಾರ್ಜಿಂಗ್‌ಗೆ ಮಾತ್ರವಾದ ಕೇಬಲ್ಲಿನಲ್ಲಿ ದೀಪ ಹತ್ತುತ್ತದೆ, ಪ್ರೋಗ್ರಾಂ ಇಳಿಯುವುದಿಲ್ಲ.

ಟೈಪ್-ಸಿ ಬೋರ್ಡ್ ಎರಡೂ ತುದಿ ಸಿ ಇರುವ ಕೇಬಲ್ಲಿಗೆ ಹತ್ತದಿದ್ದರೆ ಗಾಬರಿಯಾಗಬೇಡಿ. ಕೆಲವು ತಯಾರಕರು ಎದುರಿಗೆ ಬೋರ್ಡ್ ಇದೆಯೆಂದು ಚಾರ್ಜರಿಗೆ ತಿಳಿಸಲು ಅಲ್ಲಿರಬೇಕಾದ 5.1 ಕಿಲೋ ಓಮಿನ ರೆಸಿಸ್ಟರ್ ಕೂರಿಸಿರುವುದಿಲ್ಲ. ಒಂದು ತುದಿಯಲ್ಲಿ ಹಳೆಯ ಅಗಲದ ಯುಎಸ್‌ಬಿ-ಎ ಇರುವ ಕೇಬಲ್ ಹಾಕಿ ನೋಡಿ.

ಚುಚ್ಚುವ ಮುನ್ನ

ಮಲ್ಟಿಮೀಟರನ್ನು ಬೀಪ್ ಬರುವ ಕಡೆಗೆ ತಿರುಗಿಸಿ, 5 ವೋಲ್ಟ್ ಪಿನ್ನಿಗೂ ಗ್ರೌಂಡಿಗೂ ಹಿಡಿಯಿರಿ. ಸದ್ದು ನಿಲ್ಲದೆ ಬಂದರೆ ಎಲ್ಲೋ ಶಾರ್ಟ್ ಇದೆ. ಅದನ್ನು ಹುಡುಕುವವರೆಗೆ ಕೇಬಲ್ ಹತ್ತಿರ ತರಬೇಡಿ. 3.3 ಪಿನ್ನಿಗೂ ಇದೇ ಪರೀಕ್ಷೆ. ಬೋರ್ಡ್ ಜೊತೆ ಬರುವ ಕಪ್ಪು ಫೋಮ್ ಸಾಮಾನ್ಯವಾಗಿ ಕರೆಂಟ್ ಹರಿಯಬಿಡುವಂಥದ್ದು. ಅದರ ಮೇಲಾಗಲಿ ಬೆಳ್ಳಿ ಬಣ್ಣದ ಕವರಿನ ಮೇಲಾಗಲಿ ಇಟ್ಟು ಆನ್ ಮಾಡಬೇಡಿ. ಒಣ ಮರದ ಹಲಗೆ ಸಾಕು.

ಮೊದಲು ಬರೀ ಬೋರ್ಡನ್ನಷ್ಟೇ ಚುಚ್ಚಿ, 3.3 ಬರುತ್ತಿದೆಯೇ ಅಳೆದುಕೊಳ್ಳಿ. ಆಮೇಲೆ ಕೇಬಲ್ ಕಿತ್ತು ವೈರಿಂಗ್ ಮಾಡಿ. ಕರೆಂಟ್ ಇರುವಾಗ ಜಂಪರ್ ವೈರ್ ಬದಲಿಸುವ ಅಭ್ಯಾಸವನ್ನು ಮೊದಲ ದಿನವೇ ಬಿಡಿ.

ಯಾವುದಕ್ಕೆ ಎಷ್ಟು ಕರೆಂಟ್?

ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪಿಯರ್, 3.0ರದು 900. ಆರ್ಡುಯಿನೋ ಊನೋ ಎಂಬ ಇನ್ನೊಂದು ಬೋರ್ಡಿನಲ್ಲಿ 500 ಮಿಲಿಆಂಪಿಯರಿನ, ತಾನೇ ಮತ್ತೆ ಕೂಡಿಕೊಳ್ಳುವ ಫ್ಯೂಸ್ ಇದೆ. ಅಗ್ಗದ ಎಷ್ಟೋ ಬೋರ್ಡ್‌ಗಳಲ್ಲಿ ಅದೂ ಇಲ್ಲ. ಇಎಸ್‌ಪಿ32 ಚಿಪ್ ಒಂದಕ್ಕೇ 500 ಅಥವಾ ಹೆಚ್ಚು ಕೊಡಬಲ್ಲ ಮೂಲ ಇರಲಿ ಎಂದು ಅದನ್ನು ತಯಾರಿಸುವ ಎಸ್ಪ್ರೆಸಿಫ್ ಹೇಳುತ್ತದೆ. ಬಣ್ಣ ಬದಲಿಸುವ ಡಬ್ಲ್ಯುಎಸ್2812 ಎಲ್‌ಇಡಿ ಪೂರ್ತಿ ಬಿಳಿಯಾಗಿ ಉರಿದರೆ ಒಂದಕ್ಕೆ 60, ಎಂಟಕ್ಕೇ 480 ಆಯಿತು.

ಅಕ್ಕನ ಮಗಳು ಮಾಡುತ್ತಿದ್ದದ್ದು ಕುಂಡದ ಗಿಡಕ್ಕೆ ನೀರು ಹಾಕುವ ಯಂತ್ರ. ಪುಟ್ಟ ಪಂಪನ್ನು ರಿಲೇ ಮೂಲಕ ಬೋರ್ಡಿನ 5 ವೋಲ್ಟ್ ಪಿನ್ನಿಗೇ ಕಟ್ಟಿದ್ದಳು. ಪಂಪ್ ಹೊರಟ ಕೂಡಲೇ ಬೋರ್ಡ್ ಸತ್ತು ಹುಟ್ಟುತ್ತಿತ್ತು, ಸೀರಿಯಲ್ ಮಾನಿಟರಿನಲ್ಲಿ ‘ಬ್ರೌನ್‌ಔಟ್’ (ವೋಲ್ಟೇಜ್ ಕುಸಿದಿದೆ) ಎಂಬ ಸಂದೇಶ. ಎರಡು ದಿನ ಇಬ್ಬರೂ ಕೋಡ್ ತಿದ್ದುತ್ತಾ ಕೂತೆವು. ತಪ್ಪು ಕೋಡಿನದಲ್ಲ: ಮೋಟಾರು ಹೊರಡುವ ಗಳಿಗೆ ನಡೆಯುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ದೊಡ್ಡ ಕೆಪಾಸಿಟರ್ ಹಾಕಿ ಸುಮ್ಮನಾಗಿಸೋಣ ಎನಿಸುತ್ತದೆ. ಆದರೆ ಚುಚ್ಚಿದ ಕ್ಷಣ ಪೋರ್ಟಿಗೆ ಎದುರಾಗುವ ಕೆಪಾಸಿಟರ್ 10 ಮೈಕ್ರೋಫ್ಯಾರಡ್ ಮೀರಬಾರದೆಂಬುದು ಯುಎಸ್‌ಬಿ ನಿಯಮ.

ಮೋಟಾರು, ಸರ್ವೋ, ಎಲ್‌ಇಡಿ ಪಟ್ಟಿ, ಇವಕ್ಕೆ ಅವುಗಳದೇ 5 ವೋಲ್ಟ್ ಅಡಾಪ್ಟರ್ ಕೊಡಿ. ಅದರ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಿ. ಆದರೆ ಎರಡರ 5 ವೋಲ್ಟ್ ತಂತಿಗಳನ್ನು ಒಂದಕ್ಕೊಂದು ಸೇರಿಸಬೇಡಿ. ಮೋಟಾರಿನ ಎರಡು ತುದಿಗೆ ಒಂದು 1ಎನ್4007 ಡಯೋಡ್ ಹಾಕಿ, ಅದರ ಬಿಳಿ ಗೆರೆ ಪ್ಲಸ್ ಕಡೆಗಿರಲಿ.

ಒಂದೇ ಮೂಲ

ಡೆವ್‌ಕಿಟ್ ಬೋರ್ಡಿಗೆ ಯುಎಸ್‌ಬಿ, 5 ವೋಲ್ಟ್ ಪಿನ್, 3.3 ಪಿನ್, ಈ ಮೂರರಲ್ಲಿ ಒಂದರಿಂದ ಮಾತ್ರ ಕರೆಂಟ್ ಕೊಡಬೇಕು, ಇಲ್ಲವಾದರೆ ಬೋರ್ಡೋ ಮೂಲವೋ ಹಾಳಾಗಬಹುದು ಎಂದು ಎಸ್ಪ್ರೆಸಿಫ್ ಸ್ಪಷ್ಟವಾಗಿಯೇ ಬರೆದಿದೆ. ಊನೋದಲ್ಲಿ ದುಂಡು ಜ್ಯಾಕಿಗೂ ಯುಎಸ್‌ಬಿಗೂ ಒಟ್ಟಿಗೆ ಕೊಟ್ಟರೆ ತಾನೇ ಆರಿಸಿಕೊಳ್ಳುತ್ತದೆ, ಆದರೆ ಅದರ 5 ವೋಲ್ಟ್ ಪಿನ್ನಿಗೆ ಆ ರಕ್ಷಣೆಯಿಲ್ಲ. ರಾಸ್ಪ್‌ಬೆರಿ ಪೈ ಪೀಕೋದಲ್ಲಿ ಹೊರಗಿನ ಮೂಲವನ್ನು ಒಂದು ಶಾಟ್ಕಿ ಡಯೋಡ್ ಮೂಲಕ ವಿಸಿಸ್ (VSYS) ಪಿನ್ನಿಗೆ ಕೊಟ್ಟರೆ ಯುಎಸ್‌ಬಿ ಜೊತೆ ಜಗಳವಾಗುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ವೈಫೈ ಆನ್ ಮಾಡಿ, ಪಂಪ್ ಓಡಿಸಿ, 3.3 ಪಿನ್ನಿನ ಮೇಲೆ ಮೀಟರ್ ಹಿಡಿದು ನೋಡಿ. ರೆಗ್ಯುಲೇಟರ್ ಮೇಲೆ ಬೆರಳಿಟ್ಟೂ ನೋಡಿ: ಅರ್ಧ ಆಂಪಿಯರಿಗೆ ಅದು 0.85 ವಾಟಿನವರೆಗೂ ಶಾಖ ಕಾರಬೇಕಾಗುತ್ತದೆ, ಬೆಚ್ಚಗಿರುವುದು ಸಹಜ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಕೇಬಲ್ ಕಿತ್ತು, 3.3 ಪಿನ್ನಿಗೆ ನೇತುಹಾಕಿದ್ದನ್ನು ಒಂದೊಂದಾಗಿ ಕಳಚುತ್ತಾ ಬನ್ನಿ.